ಗುಲಾಬಿ ಬಣ್ಣದ ಹಿಂದೀಪ

2025ರ ಜನವರಿ 20, ಸೋಮವಾರ. ಬೆಳಿಗ್ಗೆ 9.15ಕ್ಕೆ ಜೋಗಮ್ಮ ಮಸ್ಕಿ ಠಾಣೆಗೆ ಬಂದಾಗ ಅವಳ ಸೆರಗಿನ ಮೇಲೆ ಗಂಡನ ರಕ್ತ ಒಣಗಿ ಕಪ್ಪಾಗಿತ್ತು. ರಾಯಚೂರಿನ ಆಸ್ಪತ್ರೆಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು. ಅಂಗನವಾಡಿ ಕಾರ್ಯಕರ್ತೆ, ದೂರನ್ನು ತಾನೇ ಬರೆದಳು. ಹಿಂದಿನ ಸಂಜೆ ಏಳರ ಸುಮಾರಿಗೆ ಸಿಂಧನೂರು ಕಡೆಯಿಂದ ಮೊಪೆಡ್ ಮೇಲೆ ಬರುತ್ತಿದ್ದ ಗಂಡ ಲಾಲಪ್ಪನಿಗೆ ಯಾವುದೋ ವಾಹನ ಹಿಂದಿನಿಂದ ಗುದ್ದಿ ಹೋಗಿತ್ತು. ಲಾಲಪ್ಪ ನಾಲ್ಕು ಹಳ್ಳಿಗೆ ಅಂಚೆ ಹಂಚುವವನು. ವೈದ್ಯರು ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು.

"ಯಾವ ಗಾಡಿ?" ಪಿಎಸ್‌ಐ ಶಿವಗಂಗಾ ಕೇಳಿದಳು.

"ಗೊತ್ತಿಲ್ರಿ. ಅವರಿಗೆ ಇನ್ನಾ ಎಚ್ಚರಿಲ್ಲ."

ಬಿಎನ್‌ಎಸ್ ಕಲಂ 281, 125(ಬಿ) ಹಾಗೂ ಮೋಟಾರು ವಾಹನ ಕಾಯ್ದೆಯ ಕಲಂ 187ರಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ ವಾಹನ ಚಾಲಕ' ಎಂದು ಬರೆಯುವಾಗಲೇ ಶಿವಗಂಗಾಳಿಗೆ ಕಿರಿಕಿರಿಯಾಯಿತು.

11.30ಕ್ಕೆ ಸ್ಥಳ ಪಂಚನಾಮೆ. ರಸ್ತೆಯಂಚಿನ ಜಾಲಿ ಗಿಡದ ಬುಡದಲ್ಲಿ ಹೆಡ್‌ಲೈಟಿನ ದಪ್ಪ ಗಾಜಿನ ಚೂರುಗಳು ಸಿಕ್ಕವು. ಅವುಗಳ ನಡುವೆ ಹೆಬ್ಬೆರಳು ಗಾತ್ರದ ಅಲ್ಯೂಮಿನಿಯಂ ತುಂಡು, ಅದರ ತುದಿಗೆ ಪುಟ್ಟದೊಂದು ಫ್ಯಾನು.

"ಎಲ್‌ಇಡಿ ಬಲ್ಬಿನ ಹಿಂಭಾಗ ಮೇಡಂ," ಎಂದ ಕಾನ್‌ಸ್ಟೇಬಲ್ ವೀರೇಶ. "ಬಲ್ಬು ಕಾಯಬಾರ್ದಂತ ಫ್ಯಾನ್ ಇಟ್ಟಿರ್ತಾರ. ಆದ್ರ ಈಗಿನ ಗಾಡಿಗೆ ಇಂಥಾ ಗಾಜು ಇರಂಗಿಲ್ಲ, ಪ್ಲಾಸ್ಟಿಕ್ ಇರ್ತೈತಿ. ಗಾಡಿ ಹಳೇದು, ಬೆಳಕು ಹೊಸದು."

ಅಷ್ಟು ಗೊತ್ತಾದದ್ದೇ ಬಂತು, ಮುಂದಿನ ಮೂರು ದಿನ ತನಿಖೆ ಮುಂದೆ ಸಾಗಲಿಲ್ಲ. ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಭಾನುವಾರ ಸಂಜೆಯ ಒಂದೊಂದು ವಾಹನವೂ ಬಿಳಿ ಬೆಳಕಿನ ಉಂಡೆಯಾಗಿ ಬಂದು, ಉಂಡೆಯಾಗಿಯೇ ಹೋಗಿತ್ತು. ನಂಬರು ಹಾಳಾಗಲಿ, ಅದು ಜೀಪೋ ಲಾರಿಯೋ ಅದೂ ತಿಳಿಯಲಿಲ್ಲ. ಮಂಗಳವಾರ ಸಂಜೆ ನಾಕಾಬಂದಿ ಹಾಕಿ ಹಳೆಯ ಗಾಡಿಗಳನ್ನು ತಡೆದರೆ, ಹತ್ತರಲ್ಲಿ ಎಂಟಕ್ಕೆ ಎಲ್‌ಇಡಿ. ತಪಾಸಣೆಗೆ ನಿಂತವರ ಕಣ್ಣೇ ಕೋರೈಸಿತು.

"ಈ ಲೈಟ್ ಯಾಕ ಹಾಕಿಸೀರಿ?" ಭತ್ತ ಹೇರಿಕೊಂಡು ಬಂದ ಒಬ್ಬನಿಗೆ ಶಿವಗಂಗಾ ರೇಗಿದಳು.

"ಎಲ್ಲಾರೂ ಹಾಕಿಸ್ಯಾರ್ರಿ. ಎದುರಿನವರ ಬೆಳಕಿಗೆ ನನಗ ರಸ್ತಿನೇ ಕಾಣಂಗಿಲ್ಲ. ನಾ ಒಬ್ಬಾವ ಬಿಟ್ಟು ಏನ್ ಮಾಡ್ಲಿ?"

ದಂಡದ ರಸೀದಿ ಹರಿದು ಕೊಟ್ಟಳು, ಸಿಟ್ಟು ಇಳಿಯಲಿಲ್ಲ. ಜೋಗಮ್ಮ ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದಳು. "ಏನರ ಗೊತ್ತಾತೇನ್ರಿ?" ಎಂಬ ಒಂದೇ ಪ್ರಶ್ನೆ. ಬುಧವಾರ ಶಿವಗಂಗಾ ಆ ಫೋನನ್ನು ವೀರೇಶನ ಕೈಗೆ ಕೊಟ್ಟುಬಿಟ್ಟಳು. ಆಮೇಲೆ ಇಡೀ ದಿನ ಅದೇ ಮನಸ್ಸಿನಲ್ಲಿ ಕೊರೆಯಿತು.

ಜನವರಿ 23, ಗುರುವಾರ, 10.20. ಲಾಲಪ್ಪ ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾನೆಂದು ವೈದ್ಯರು ಹೇಳಿದ ಮೇಲೆ ಶಿವಗಂಗಾ ರಾಯಚೂರಿನ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತಳು.

"ಗಾಡಿ ನಿಲ್ತೇನು?"

"ನಿಲ್ತ್ರಿ. ಸ್ವಲ್ಪ ಮುಂದ ಹೋಗಿ ನಿಲ್ತು. ಇಂಡಿಕೇಟರ್ ಹಾಕಿದ. ಅದು ಪಟಪಟ ಪಟಪಟ ಬಡ್ಕೊಳ್ಳಾಕತ್ತಿತ್ತು, ಎಲ್ಲಾ ಗಾಡಿ ಹಂಗಲ್ಲ. ಯಾರೂ ಇಳೀಲಿಲ್ಲ. ಆಮ್ಯಾಲ ಹೋತು."

"ಹಿಂದಿನ ಲೈಟ್ ನೋಡಿದ್ರಿ?"

"ನೋಡೀನ್ರಿ. ಕೆಂಪಿರಲಿಲ್ಲ. ಗುಲಾಬಿ ಇತ್ತು."

"ಗುಲಾಬಿ?"

"ಹೂಂ ರೀ. ಸಕ್ಕರಿ ಮಿಠಾಯಿ ಇರ್ತದಲ್ರಿ, ಹಂಗ."

ನೋವಿನ ಔಷಧಿಯ ಮಂಪರಿನಲ್ಲಿ ಆಡಿದ ಮಾತೆಂದುಕೊಂಡೇ ಶಿವಗಂಗಾ ಬರೆದುಕೊಂಡಳು. ಆದರೂ ಬಿಡಲು ಮನಸ್ಸಾಗದೆ, ಅಂದು ಮಧ್ಯಾಹ್ನ ಸಿಂಧನೂರು, ಮಸ್ಕಿಯ ಆಟೋ ಎಲೆಕ್ಟ್ರಿಕ್ ಅಂಗಡಿಗಳನ್ನೆಲ್ಲ ಸುತ್ತಿದಳು. ಏನೂ ಸಿಗಲಿಲ್ಲ. ಶುಕ್ರವಾರ ಲಿಂಗಸುಗೂರಿನ ಅಂಥದ್ದೇ ಒಂದು ಅಂಗಡಿಯಲ್ಲಿ, ಗಡ್ಡಕ್ಕೆ ಮೆಹಂದಿ ಹಚ್ಚಿದ್ದ ಉಸ್ಮಾನ್‌ಸಾಬ್ ಅವಳ ಮಾತು ಮುಗಿಯುವ ಮೊದಲೇ ತಲೆಯಾಡಿಸಿದ.

"ಕೆಂಪು ಗಾಜಿನ ಹಿಂದ ಕೆಂಪು ಎಲ್‌ಇಡಿನೇ ಹಾಕಬೇಕ್ರಿ ಮೇಡಂ. ಬಿಳಿ ಹಾಕಿದ್ರ ಗುಲಾಬಿನೇ ಕಾಣ್ತೈತಿ. ಇಂಡಿಕೇಟರ್‌ದೂ ಹಂಗ. ಎಲ್‌ಇಡಿ ಕರೆಂಟ್ ಭಾಳ ಕಡಿಮಿ ತಗೋತೈತಿ. ಹಳೇ ಗಾಡ್ಯಾಗ ಇಂಡಿಕೇಟರ್ ಮಿಣುಕಿಸೋ ಫ್ಲ್ಯಾಷರ್ ಇರ್ತದಲ್ರಿ, ಅದು ಬಲ್ಬ್ ಸುಟ್ಟೈತಿ ಅಂತ ತಿಳ್ಕೊಂಡು ಪಟಪಟ ಬಡೀತೈತಿ. ಫ್ಲ್ಯಾಷರ್ ಬದಲಿ ಮಾಡ್ಬೇಕು."

"ಹಂಗ ಬದಲಿ ಮಾಡದ ಯಾರಿಗೆ ಹಾಕಿ ಕೊಟ್ಟೀರಿ?"

ಉಸ್ಮಾನ್‌ಸಾಬ್ ಕೈಯಲ್ಲಿದ್ದ ಟೆಸ್ಟರನ್ನು ಕೆಳಗಿಟ್ಟ. "ಗುರುಗುಂಟಾದ ಅಮರಗುಂಡಪ್ಪಗ. ಹಳೇ ಜೀಪು. ಕೆಂಪು ಬಲ್ಬ್ ತರಸ್ತೀನಿ, ಎರಡು ದಿನ ತಡಿ ಅಂದೆ. ತಡೀಲಿಲ್ಲ. ಎಲ್ಲಾ ಬಿಳೀದೇ ಹಾಕು, ಎಷ್ಟು ಬೆಳಕು ಆಗ್ತದ ಅಷ್ಟು ಮಾಡು ಅಂದ. ಈ ಸೋಮವಾರ ಮತ್ತ ಬಂದಿದ್ದ. ಎಮ್ಮಿ ಹಾಯ್ದು ಒಂದು ಹೆಡ್‌ಲೈಟ್ ಒಡೀತಂತ."

"ಈಗ ಗಾಡಿ ಎಲ್ಲೈತಿ?"

"ಸಿಂಧನೂರು ಕಡೆ ವಳಕಮದಿನ್ನಿಗೆ ನಾಟಿ ಹಚ್ಚಾಕ ನಮ್ಮ ಕಡಿ ಹೆಣ್ಮಕ್ಕಳನ್ನ ಒಯ್ತಾನ್ರಿ. ಐತ್ವಾರ ಬಿಟ್ಟು ಬರ್ತಾನ, ಶನಿವಾರ ಸಂಜಿಮುಂದ ಕರ್ಕೊಂಡು ಬರ್ತಾನ."

ಗುರುಗುಂಟಾದ ಮನೆಯಲ್ಲಿ ಜೀಪೂ ಇರಲಿಲ್ಲ, ಅವನೂ ಇರಲಿಲ್ಲ. ಬಾಡಿಗೆಗೆ ಹೋಗಿದ್ದಾನೆ, ನಾಳೆ ಅಲ್ಲಿಂದಲೇ ವಳಕಮದಿನ್ನಿಗೆ ಹೋಗುತ್ತಾನೆ ಎಂದಳು ಹೆಂಡತಿ ಕಲ್ಯಾಣಮ್ಮ. ಅವನ ಫೋನು ಬಂದ್ ಆಗಿತ್ತು.

ಜನವರಿ 25, ಶನಿವಾರ, ಸಂಜೆ 5.10. ವಳಕಮದಿನ್ನಿಯ ಕಾಲುವೆ ದಂಡೆಯ ಮೇಲೆ ಜೀಪು ನಿಂತಿತ್ತು. ಹದಿನಾಲ್ಕು ಹೆಂಗಸರು ಕೈಕಾಲಿನ ಕೆಸರು ತೊಳೆದುಕೊಂಡು ಒಳಗೆ ಒತ್ತೊತ್ತಾಗಿ ಕೂತಿದ್ದರು. ಎಡಗಡೆಯ ಹೆಡ್‌ಲೈಟಿನ ಗಾಜು ಮಾತ್ರ ಹೊಸದು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಗಾಡಿ ಹೊರಟುಬಿಡುತ್ತಿತ್ತು.

"ಲೈಟ್ ಹಾಕ್ರಿ. ಇಂಡಿಕೇಟರೂ ಹಾಕ್ರಿ."

ಐವತ್ತೆಂಟರ ಅಮರಗುಂಡಪ್ಪ ಎರಡನ್ನೂ ಹಾಕಿದ. ಶಿವಗಂಗಾ ಹಿಂದೆ ಹೋಗಿ ನಿಂತಳು. ದೀಪ ಗುಲಾಬಿಯಾಗಿತ್ತು, ಇಂಡಿಕೇಟರು ಪಟಪಟ ಬಡಿದುಕೊಳ್ಳುತ್ತಿತ್ತು.

"ಹೋದ ಐತ್ವಾರ ಸಂಜಿ ಏಳಕ್ಕ ಎಲ್ಲಿದ್ರಿ?"

ಅವನು ಸ್ಟೇರಿಂಗ್ ಬಿಡಲಿಲ್ಲ. ಹಿಡಿದುಕೊಂಡೇ ಕೇಳಿದ: "ಅವ ಬದುಕ್ಯಾನೇನ್ರಿ?"

5.40ಕ್ಕೆ ಬಂಧನ. ಜೀಪು ಜಪ್ತಿಯಾಯಿತು. ಊರಿಗೆ ಹೇಗೆ ಹೋಗುವುದೆಂದು ಹೆಂಗಸರು ಪೊಲೀಸರ ಮೇಲೆಯೇ ಹರಿಹಾಯ್ದರು. ವೀರೇಶ ಮುಖ್ಯರಸ್ತೆಗೆ ಹೋಗಿ ಬಸ್ಸು ತಡೆದು ಹತ್ತಿಸಿ ಬಂದ.

ಠಾಣೆಯಲ್ಲಿ ಅಮರಗುಂಡಪ್ಪ ಎಲ್ಲ ಹೇಳಿದ. ಎರಡು ವರ್ಷದಿಂದ ಹೊತ್ತು ಮುಳುಗಿದರೆ ರಸ್ತೆ ಮಸುಕು. ಹಳದಿ ಬಲ್ಬಿನಲ್ಲಿ ಏನೂ ಕಾಣದೆ ಬಿಳಿ ಹಾಕಿಸಿದ್ದ. ಆ ಭಾನುವಾರ ಎದುರಿನಿಂದ ಅಂಥದ್ದೇ ಬೆಳಕು ಬಂದಾಗ ಕಣ್ಣ ತುಂಬ ಬೆಳ್ಳಗೆ ಹರಡಿ, ಇದ್ದದ್ದೂ ಕಾಣದಾಯಿತು.

"ನಿಲ್ಲಿಸಿದವ ಯಾಕ ಇಳೀಲಿಲ್ಲ?"

"ಇಳಿದ್ರ ಕತ್ತಲಾಗ ತಡವರಿಸಬೇಕಾಗ್ತಿತ್ರಿ. ಯಾರರ ನೋಡಿದ್ರ ಕಣ್ಣಿನ ಸುದ್ದಿ ಊರ ತುಂಬಾ. ಮಾರ್ಚಿಗೆ ಲೈಸೆನ್ಸ್ ಬ್ಯಾರೆ ರಿನ್ಯೂವಲ್ ಐತಿ. ಯಪ್ಪಾ, ಯಪ್ಪಾ ಅಂತ ಅವ ಒದರೂದು ಕೇಳಾಕತ್ತಿತ್ತು. ಕೇಳಿಕೋತ ಕುಂತೆ. ಆಮ್ಯಾಲ ಗೇರ್ ಹಾಕಿದೆ."

ಜಾಮೀನು ಸಿಗುವ ಕಲಮುಗಳು. ಆ ರಾತ್ರಿಯೇ ಅವನ ಅಣ್ಣನ ಮಗ ಸಂಗನಬಸವ ಬಂದು ಬಿಡಿಸಿಕೊಂಡು ಹೋದ. ಸೋಮವಾರ ಕಣ್ಣಿನ ವೈದ್ಯರ ವರದಿ ಬಂತು: ಎರಡೂ ಕಣ್ಣಿಗೆ ಬಲಿತ ಪೊರೆ, ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುವ ಸಾಧ್ಯತೆ ಇದೆ. ಪೊರೆ ತೆಗೆಸಿಕೊಂಡರೆ ತಿಂಗಳು ಗಾಡಿ ಹೊಡೆಯುವಂತಿಲ್ಲ, ಆ ತಿಂಗಳಲ್ಲಿ ನಾಟಿಯ ಬಾಡಿಗೆಯನ್ನು ಇನ್ನೊಬ್ಬ ಹಿಡಿಯುತ್ತಾನೆ. ಆ ಒಂದು ತಿಂಗಳಿಗೆ ಅಂಜಿ ಅವನು ಎರಡು ವರ್ಷ ತಳ್ಳಿದ್ದ. ವರದಿಯನ್ನು ಕಡತಕ್ಕೆ ಸೇರಿಸುವಾಗ ಶಿವಗಂಗಾಳಿಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ.

ಅಂದು ಅವಳೇ ಜೋಗಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಕಡೆಗೆ, "ಕಣ್ಣು ಕಾಣ್ತಿರಲಿಲ್ಲಮ್ಮ ಅವಗ," ಎಂದಳು.

"ಕಿವಿ ಕೇಳ್ತಿತ್ತಲ್ರೀ," ಎಂದಳು ಜೋಗಮ್ಮ.