ಗಿಟಾರಿನ ಕೆಳಗಿದ್ದ ದನಿ

ಮಗಳ ಅಂಗಿ ಹಿಂಡಿ ಕೊಡವುತ್ತಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಒದ್ದೆ ಕೈಯಲ್ಲೇ ಹೋಗಿ ತೆರೆದಳು.

ಅವನು...

ಬೇರೆಯಾದ ಈ ನಾಲ್ಕು ವರ್ಷದಿಂದ ಅವನು ಬರುತ್ತಿದ್ದುದು ಭಾನುವಾರ ಮಾತ್ರ. ಮಗಳನ್ನು ಕರೆದೊಯ್ದು, ಸಂಜೆ ಮೆಟ್ಟಿಲ ಬಳಿ ಬಿಟ್ಟು ಹೋಗುತ್ತಿದ್ದ. ಒಳಗೆ ಬಂದವನಲ್ಲ.

"ಇವತ್ತು ಗುರುವಾರ," ಎಂದಳು.

"ಗೊತ್ತು ಗುಬ್ಬಿ. ನನ್ನ ರೂಮಲ್ಲೂ ಕ್ಯಾಲೆಂಡರ್ ಇದೆ."

ಗುಬ್ಬಿ! ಆ ಹೆಸರು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು...

ರಜೆಯೆಂದು ಮನೆಯಲ್ಲೇ ಇದ್ದ ಏಳು ವರ್ಷದ ಪುಟ್ಟಿ ಓಡಿಬಂದು ಅಪ್ಪನ ಸೊಂಟ ತಬ್ಬಿಕೊಂಡಳು. ಏನೋ ಕೇಳಲು ಬಾಯಿ ತೆರೆದವಳು, ಅಮ್ಮನ ಮುಖ ನೋಡಿ ಸುಮ್ಮನಾದಳು.

ಅವನ ಕೈಯಲ್ಲಿ ಅವರಿಬ್ಬರ ಬ್ಯಾಂಡಿನ ಹಾಡುಗಳ ಆಲ್ಬಮ್ ಇತ್ತು. 'ಒದ್ದೆ ಗೋಡೆ'. ಅಭ್ಯಾಸ ಮಾಡುತ್ತಿದ್ದ ನೆಲಮಾಳಿಗೆಯ ಗೋಡೆ ಎಂದೂ ಒಣಗುತ್ತಿರಲಿಲ್ಲ. ಬ್ಯಾಂಡಿಗೆ ಅದೇ ಹೆಸರಿಟ್ಟರು, ಆಲ್ಬಮ್ಮಿಗೂ ಅದನ್ನೇ ಇಟ್ಟರು. ಅವನದು ಗಿಟಾರ್, ಇವಳದು ಹಾಡು. ಮಂಜಿನಂತೆ ಕವಿಯುವ ಗಿಟಾರಿನ ಸದ್ದಿನಲ್ಲಿ ಇವಳ ದನಿ ತೇಲಬೇಕು. ಆದರೆ ಕೊನೆಯ ಹಾಡಿನಲ್ಲಿ ಅದು ಪೂರ್ತಿ ಮುಳುಗಿಹೋಗಿತ್ತು. ಸದ್ದುಗಳನ್ನು ಹೊಂದಿಸಿದವನು ಅವನೇ.

ನನ್ನ ದನಿ ಬೇಡವಾದವನಿಗೆ ನಾನ್ಯಾಕೆ? ಹಾಗೆಂದುಕೊಂಡೇ ಅಂದು ಮಗಳನ್ನು ಎತ್ತಿಕೊಂಡು ಹೊರಟುಬಂದಿದ್ದಳು.

"ಇದನ್ನ ಕಂಪನಿಯವರು ಮತ್ತೆ ಬಿಡುಗಡೆ ಮಾಡ್ತಾರಂತೆ. ನಿನ್ನ ಒಪ್ಪಿಗೆ ಬೇಕು."

"ಅದ್ರಲ್ಲಿ ನಾನೆಲ್ಲಿದೀನಿ? ಗಿಟಾರನ್ನೇ ಕೇಳು, ಒಪ್ಪಿಗೆ ಕೊಡುತ್ತೆ."

ಅವನು ಜೇಬಿನಿಂದ ಫೋನ್ ತೆಗೆದು ಇಯರ್‌ಫೋನ್ ಚಾಚಿದ. "ಕೊನೇ ಹಾಡು. ಗಿಟಾರ್ ಇಲ್ಲ, ನೀನೊಬ್ಬಳೇ."

ಕೈ ಒರೆಸಿಕೊಂಡು ಕಿವಿಗಿಟ್ಟಳು.

ಅಮ್ಮ ತೀರಿಕೊಂಡ ಹತ್ತನೇ ದಿನ ಹಾಡಿದ್ದು ಅದು. ಬೇಡ ಎಂದು ಎಲ್ಲರೂ ಹೇಳಿದರೂ ಕೇಳಿರಲಿಲ್ಲ. ಆ ದುಃಖದಲ್ಲಿ ಅಂದಿನದೇನೂ ನೆನಪುಳಿದಿರಲಿಲ್ಲ, ಚೆನ್ನಾಗಿಯೇ ಹಾಡಿದೆ ಎಂದು ಇಷ್ಟು ವರ್ಷ ನಂಬಿದ್ದಳು.

ಎರಡು ಸಾಲು ಸರಿಯಾಗಿತ್ತು. ಮೂರನೆಯದರಲ್ಲಿ ಗಂಟಲು ಒಡೆಯಿತು. ಆಮೇಲೆ ಹಾಡಿರಲಿಲ್ಲ... ಸಂತೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ, ಅಮ್ಮಾ... ಅಮ್ಮಾ... ಎಂದು ಕೊನೆಯವರೆಗೂ ಕರೆಯುತ್ತಿದ್ದಳು.

ನಾನೇನಾ ಇದು?

"ಇದನ್ನ ನಾಲ್ಕು ಜನ ಕೇಳೋದನ್ನ ನನ್ನಿಂದ ಸಹಿಸೋಕಾಗ್ತಿರ್ಲಿಲ್ಲ," ಎಂದ ಅವನು, ನೆಲ ನೋಡುತ್ತಾ. "ಒಂದರ ಮೇಲೊಂದು ಒಂಬತ್ತು ಸಲ ಗಿಟಾರ್ ನುಡಿಸಿ ಸೇರಿಸಿದೆ. ಆದ್ರೂ ನನಗೆ ಕೇಳಿಸ್ತಾನೇ ಇತ್ತು."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಮತ್ತೆ ಹಾಡೋದೇ ಇಲ್ಲ ಅಂತ ಹೆದರಿದೆ. ಕೊನೆಗೆ ಹಾಗೇ ಆಯ್ತು... ನೀನೂ ಹೋದೆ."

ಅವಳು ಗೋಡೆಗೊರಗಿ ಕುಳಿತಳು. ಅವನನ್ನು ಬೈದುಕೊಂಡ ರಾತ್ರಿಗಳೆಲ್ಲ ಒಟ್ಟಿಗೆ ಎದೆಗೆ ಬಂದವು.

"ಆ ಹಾಡಿಂದ ಗಿಟಾರ್ ತೆಗೆದುಹಾಕು," ಎಂದಳು ಇಯರ್‌ಫೋನ್ ಅವನ ಕೈಗಿಡುತ್ತಾ.

"ಗುಬ್ಬಿ, ಜನ..."

"ಕೇಳ್ಲಿ ಬಿಡು. ಅಮ್ಮನ್ನ ತಾನೇ ಕರೆದಿದ್ದು."

ಅವನು ಅವಳೆದುರು ಕುಕ್ಕರಗಾಲಲ್ಲಿ ಕುಳಿತ. "ನೀನು ಬೇಡ ಅಂತ ನನಗೆ ಒಂದು ದಿನಾನೂ ಅನ್ಸಿಲ್ಲ ಕಣೇ."

"ಈಗ ಹೇಳ್ತೀಯಲ್ಲೋ..." ಎಂದವಳ ಕಣ್ಣು ತುಂಬಿತ್ತು.

ಪುಟ್ಟಿ ಇಬ್ಬರ ನಡುವೆ ತೂರಿ ಕುಳಿತಳು. ಅಮ್ಮನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.

"ಅಮ್ಮಾ, ಅಪ್ಪ ಸಂಜೆ ವಾಪಸ್ ಹೋಗ್ಲೇಬೇಕಾ?"