ಕಪ್ಪು ಸೀಸೆಯ ಬಿಸುಪು

"ಇಲ್ಲಿ ಏನು ಬೇಕಾದ್ರೂ ಮುಟ್ಟಿ. ಆ ಕಪ್ಪು ಸೀಸೆ ಮಾತ್ರ ಬೇಡ," ಎಂದರು ಸುಗಂಧದ ಕಾರ್ಖಾನೆಯ ಒಡತಿ.

ಗೋಡೆಯ ಕಪಾಟಿನಲ್ಲಿ, ಉಳಿದ ಸೀಸೆಗಳಿಂದ ದೂರಕ್ಕೆ, ಅದೊಂದೇ ನಿಂತಿತ್ತು. ಬಾಯಿಗೆ ಮೇಣ ಮೆತ್ತಿ ಮೇಲೊಂದು ದಾರ ಬಿಗಿದಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಸುಗಂಧಗಾರ ಸೀಸೆಯನ್ನೊಮ್ಮೆ, ಒಡತಿಯನ್ನೊಮ್ಮೆ ನೋಡಿ ನಕ್ಕ.

"ಯಾಕಮ್ಮ, ಒಳಗೆ ದೆವ್ವ ಇದೆಯಾ?"

"ನಮ್ಮ ಮಾವ ಮಾಡಿದ್ದು ಅದು. ಮಾಟ ತಗುಲಿದೆ."

"ಹಾಗಾದ್ರೆ ಎಸೆದು ಕೈತೊಳ್ಕೋಬಹುದಿತ್ತಲ್ಲ."

"ಚೆಲ್ಲಿದ್ರೆ ಯಾರ ಕಾಲಿಗೋ ಅಂಟುತ್ತೆ. ಸುಟ್ರೆ ಹೊಗೆ ಯಾರ ಮನೆಗೋ ಹೋಗುತ್ತೆ. ಅದಕ್ಕೇ ಕಾಯ್ಕೊಂಡು ಕೂತಿದೀನಿ." ಒಲೆಯ ಪಕ್ಕದಲ್ಲೇ ಕುಳಿತಿದ್ದರೂ ಒಡತಿ ಕೈಗೆ ದಪ್ಪ ಉಣ್ಣೆಯ ಗವಸು ತೊಟ್ಟಿದ್ದರು. ವಯಸ್ಸಾದವರ ಅರಳುಮರುಳು ಎಂದುಕೊಂಡು ಅವನು ತನ್ನ ಕೆಲಸದ ಮೇಜಿಗೆ ಹೋದ.

ಅವನ ಮೂಗಿಗೆ ದೊಡ್ಡ ಹೆಸರಿತ್ತು, ಆ ಹೆಸರಿನ ಜಂಬವೂ ಇತ್ತು. ಚಳಿಗಾಲಕ್ಕೊಂದು ಹೊಸ ಸುಗಂಧ ಮಾಡಿಕೊಡಿ ಎಂದು ಒಡತಿಯೇ ಬೇರೆ ಊರಿಂದ ಕರೆಸಿಕೊಂಡಿದ್ದರು. ಹೆಂಡತಿ, ಪುಟ್ಟ ಮಗಳ ಜೊತೆ ಬಂದು ಕಾರ್ಖಾನೆಯ ಹಿಂದಿನ ಬೀದಿಯಲ್ಲೇ ಮನೆ ಮಾಡಿದ್ದ. ಅವನ ಮನಸ್ಸಿನಲ್ಲಿದ್ದದ್ದು ಹೂವಿಲ್ಲದ, ಸಿಹಿಯಿಲ್ಲದ ಪರಿಮಳ. ಧೂಪದ ಅಂಟು, ಒಣ ದೇವದಾರು, ಇದ್ದಿಲು. ಖಾಲಿ ಕಲ್ಲುಕೋಣೆಯಲ್ಲಿ ಆಗತಾನೆ ಆರಿದ ಬೆಂಕಿಯಂಥದ್ದು. ಆದರೆ ಬೆರೆಸಿದ್ದೆಲ್ಲ ಕೆಡುತ್ತಿತ್ತು. ಒಂದು ಸೋಪಿನಂತೆ ನಾರಿದರೆ ಇನ್ನೊಂದು ಔಷಧಿಯಂಗಡಿಯಂತೆ. ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಮೂಗು ಹಿಡಿಯುವಳು.

"ನೀವು ಬಂದ್ರೋ ಒಲೆ ಮೇಲೆ ಹಾಲು ಸೀದುಹೋಯ್ತೋ, ಒಂದೂ ಗೊತ್ತಾಗಲ್ಲ."

ಗುಬ್ಬಿ ಎಂದು ಅವರು ಕರೆಯುತ್ತಿದ್ದ ಮಗಳಿಗೆ ಮಾತ್ರ ಯಾವ ವಾಸನೆಯಾದರೂ ಸರಿ. ಓಡಿಬಂದು ಅವನ ಅಂಗಿಯಲ್ಲಿ ಮುಖ ಹುದುಗಿಸಿ ಆಳವಾಗಿ ಉಸಿರೆಳೆದುಕೊಳ್ಳುವಳು.

ನಲ್ಲಿಯ ನೀರು ಹೆಪ್ಪುಗಟ್ಟಿದ ಒಂದು ಮಧ್ಯಾಹ್ನ ಒಡತಿ ಬೇಗ ಮನೆಗೆ ಹೋದರು. ಅವನ ಬೆರಳುಗಳು ಮರಗಟ್ಟಿದ್ದವು. ಅವತ್ತಿನ ಮಿಶ್ರಣವೂ ಕೆಟ್ಟಿತ್ತು. ಒಡತಿಯ ಮಾವ ಏನು ಬೆರೆಸಿದ್ದನೋ ನೋಡೇಬಿಡೋಣ ಎಂದು ಕಪಾಟು ತೆಗೆದ. ಚಾಕುವಿನಿಂದ ಮೇಣ ಕೆರೆದ.

ಮೊದಲು ಏನೂ ಇಲ್ಲ. ಆಮೇಲೆ ಹೊಗೆ. ತೆಳ್ಳನೆಯ, ಒಣ, ಗಂಟಲಂಚಿಗೆ ತಾಕುವ ಹೊಗೆ. ಅದರಡಿ ಧೂಪದ ಕಹಿ, ಅದಕ್ಕೂ ಕೆಳಗೆ ತಣ್ಣನೆಯ ಬೂದಿ. ಅವನು ಹುಡುಕುತ್ತಿದ್ದದ್ದು ಅದೇ. ಎಲ್ಲಕ್ಕಿಂತ ತಳದಲ್ಲಿ ಅವನ ಮೂಗಿಗೂ ಹೆಸರಿಡಲಾಗದ ಇನ್ನೊಂದು ವಾಸನೆ ಇತ್ತು. ನಿದ್ದೆಯಿಂದೆದ್ದ ಮಗುವಿನ ಕತ್ತಿನಂಥದ್ದು.

ಮಣಿಕಟ್ಟಿಗೆ ಒಂದು ಹನಿ ಹಚ್ಚಿಕೊಂಡ. ಬಿಸುಪು ಮೊಣಕೈಗೆ ಏರಿತು, ಭುಜಕ್ಕೆ ಹಬ್ಬಿತು, ಎದೆಯಲ್ಲಿ ಹಿತವಾಗಿ ಹರಡಿಕೊಂಡಿತು. ಅವತ್ತು ಅವನು ಕೋಟು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ನಡೆದ.

"ನಿಮ್ಮ ಕೈ ಎಷ್ಟು ಬಿಸಿ ಇದೆ ರೀ," ಎಂದು ಹೆಂಡತಿ ಅಚ್ಚರಿಪಟ್ಟಳು. ತಾಯಿ ಮಗಳು ಇಬ್ಬರೂ ಅವನಿಗೆ ಅಂಟಿಕೊಂಡು ಕುಳಿತರು. ಮಾಟವಂತೆ, ಎಂದು ಅವನಿಗೆ ನಗು ಬಂತು. ಅದರ ಗುಟ್ಟು ಬಿಡಿಸುವ ನೆಪದಲ್ಲಿ ದಿನವೂ ಒಂದೊಂದು ಹನಿ ಹಚ್ಚಿಕೊಳ್ಳತೊಡಗಿದ.

ಹೆಂಡತಿ ಮೊದಲು ಒಂದು ಶಾಲು ಹೊದ್ದಳು, ಆಮೇಲೆ ಇನ್ನೊಂದು. ಪಾತ್ರೆ ತೊಳೆಯುವಾಗ ಕೈಯಿಂದ ಲೋಟ ಜಾರುತ್ತಿತ್ತು. ಗುಬ್ಬಿ ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟಳು. ಒಲೆಯ ಮುಂದೆ ಮುದುಡಿ ಕೂತು ಅಪ್ಪನ ದಾರಿ ಕಾಯುವಳು, ಬಂದ ಕೂಡಲೇ ತೊಡೆಯೇರುವಳು. ಅವಳ ಪಾದಗಳು ಬಾವಿಯ ಕಲ್ಲಿನಷ್ಟು ತಣ್ಣಗಿದ್ದವು. ಈ ವರ್ಷ ಚಳಿ ಜಾಸ್ತಿ ಎಂದುಕೊಂಡರು. ಅವಳ ತುಟಿ ನೀಲಿಗಟ್ಟಿದ ದಿನ ವೈದ್ಯರ ಬಳಿಗೆ ಹೊತ್ತೊಯ್ದರು.

ವೈದ್ಯರು ಜ್ವರದ ಕಡ್ಡಿಯನ್ನು ಕೊಡವಿ ಮತ್ತೊಮ್ಮೆ ಇಟ್ಟರು. ಅದು ಕೆಟ್ಟಿರಬೇಕೆಂದು ಬೇರೊಂದು ತಂದರು.

"ರಕ್ತ, ಎದೆ, ಎಲ್ಲಾ ಸರಿ ಇದೆ. ಮೈಯಲ್ಲಿ ಬಿಸಿ ಮಾತ್ರ ನಿಲ್ತಿಲ್ಲ. ಎಲ್ಲಿಗೋ ಸೋರಿಹೋಗ್ತಿರೋ ಹಾಗಿದೆ," ಎಂದವರು ತಲೆಯೆತ್ತಿ ಅವನನ್ನು ನೋಡಿದರು. "ನೀವ್ಯಾಕೆ ಹೀಗೆ ಬೆವರ್ತಿದೀರಿ?"

ಕೋಣೆಯಲ್ಲಿ ಎಲ್ಲರೂ ಸ್ವೆಟರ್ ತೊಟ್ಟಿದ್ದರು. ಅವನೊಬ್ಬನೇ ತೆಳ್ಳನೆಯ ಅಂಗಿಯಲ್ಲಿ ನಿಂತಿದ್ದ. ಹಣೆಯಿಂದ ನೀರು ಇಳಿಯುತ್ತಿತ್ತು.

ಮನೆಗೆ ಬಂದವನೇ ಬಚ್ಚಲಿಗೆ ಹೋಗಿ ಮಣಿಕಟ್ಟನ್ನು ಕಲ್ಲಿನಿಂದ ಉಜ್ಜಿದ. ಚರ್ಮ ಕಿತ್ತು ರಕ್ತ ಬಂತು. ರಕ್ತಕ್ಕೂ ಅದೇ ಹೊಗೆಯ ವಾಸನೆ. ಕೈ ಮುಂದೆ ಹಿಡಿದು ಉಸಿರು ಬಿಟ್ಟು ನೋಡಿದ. ಉಸಿರಲ್ಲೂ ಅದೇ.

ಒಡತಿಯ ಮನೆಗೆ ಓಡಿದ. ಬಾಗಿಲು ತೆರೆದ ಒಡತಿ ಗಾಳಿ ಮೂಸಿದರು. ಅವನು ಹೇಳುವ ಮೊದಲೇ ಎಲ್ಲ ತಿಳಿದು ಅವನನ್ನು ಒಳಗೆ ಕರೆದು ಕೂರಿಸಿದರು.

"ಮಾವನ್ನ ಸಾಕಿದ್ದು ಅವರ ಚಿಕ್ಕಮ್ಮ," ಎಂದು ನಿಧಾನವಾಗಿ ಹೇಳತೊಡಗಿದರು. "ವಯಸ್ಸಾಗಿ ಕೆಮ್ಮು ಹಿಡೀತು. ಗಿರಾಕಿಗಳು ಹೇಸ್ತಾರೆ ಅಂತ ಮಾವ ಅವಳನ್ನ ಒಲೆ ಪಕ್ಕದಿಂದ ಎಬ್ಬಿಸಿ ಆಚೆ ಹಾಕಿದ್ರು. ಇಂಥದ್ದೇ ಚಳಿ. ಬೆಳಿಗ್ಗೆ ನೋಡಿದ್ರೆ ಹೊಸ್ತಿಲಲ್ಲೇ ಸತ್ತಿದ್ಲು. ಅವಳ ತಂಗಿಗೆ ಮಾಟ ಗೊತ್ತಿತ್ತು. ಮಾವ ಧೂಪ ಕಾಯಿಸ್ತಿದ್ದಾಗ ಬಂದು, ಸತ್ತವಳ ಕೂದಲು ಒಂದು ಹಿಡಿ ಅದಕ್ಕೆ ಹಾಕಿದ್ಲು. 'ನಿನ್ನ ಮೈ ಬೆಚ್ಚಗಿರಲಿ, ನಿನ್ನವರ ಮೈಯಿಂದ' ಅಂದ್ಲು. ಅಷ್ಟೇ. ಮಾವ ನಂಬದೆ ಅದನ್ನ ಮೈಗೆ ಹಚ್ಕೊಂಡ್ರು. ಮೊದಲು ಅತ್ತೆ ತಣ್ಣಗಾಗಿ ಹೋದ್ರು."

"ನಾನು ದೂರ ಹೋಗ್ತೀನಿ. ಈಗಲೇ ಊರು ಬಿಡ್ತೀನಿ."

"ಮಾವನೂ ಬಿಟ್ಟಿದ್ರು. ದೂರ ಅನ್ನೋದು ಅದಕ್ಕಿಲ್ಲ. ದಾರೀಲಿ ಅವರಿಗೆ ಚಳಿ ಹೊಡೆದಷ್ಟೂ ಇಲ್ಲಿಂದ ಹೆಚ್ಚು ಎಳ್ಕೊಂಡಿತು. ಅವರು ವಾಪಸ್ ಬರೋ ಹೊತ್ತಿಗೆ ನನ್ನ ಗಂಡ ಇರಲಿಲ್ಲ."

"ನೀವು ಉಳಿದ್ರಲ್ಲ."

ಒಡತಿ ಗವಸು ಕಳಚಿದರು. ಬೆರಳುಗಳು ಕಪ್ಪಗೆ ಒಣಗಿದ ಕಡ್ಡಿಗಳಂತಿದ್ದವು.

"ಮೊದಮೊದಲು ಅವರನ್ನ ಅಪ್ಪ ಅಂತಿದ್ದೆ. ಅದಕ್ಕೆ ಇವು ಹೋದವು. ಆಮೇಲೆ ಅವರನ್ನ ದ್ವೇಷಿಸೋದು ಕಲಿತೆ. ಪ್ರೀತಿ ಇರೋ ಕಡೆಯಿಂದ ಮಾತ್ರ ಅದು ಎಳೆಯುತ್ತೆ. ನನಗೆ ಗೊತ್ತಿರೋ ದಾರಿ ಇದೊಂದೇ."

ಅವನು ಹೊರಗೆ ಬಂದ. ಸಂಜೆಯಾಗುತ್ತಿತ್ತು. ಬೀದಿಯ ತುದಿಯಿಂದ ಗಾಳಿ ಬೀಸಿ ಎದೆಗೆ ಬಡಿಯಿತು. ಮರುಕ್ಷಣವೇ ಒಳಗಿನಿಂದ ಬಿಸಿಯ ಅಲೆಯೊಂದು ಎದ್ದು ಅದನ್ನು ತಡೆಯಿತು. ಆ ಅಲೆ ಎಲ್ಲಿಂದ ಬಂತೆಂದು ಅವನಿಗೀಗ ಗೊತ್ತಿತ್ತು. ಓಡಿದ. ಮತ್ತೆ ಗಾಳಿ. ಮತ್ತೆ ಬಿಸಿ. ಬೇಡ, ಬೇಡ ಎನ್ನುತ್ತ ಓಡಿದ. ಮೈ ಹಿತವಾಗಿ ಕಾಯುತ್ತಲೇ ಇತ್ತು.

ಮನೆಯೊಳಗೆ ಗುಬ್ಬಿ ಕಂಬಳಿಗಳ ನಡುವೆ ಕಣ್ಣು ಅರೆಮುಚ್ಚಿ ಮಲಗಿದ್ದಳು. ಹೆಂಡತಿ ಅವಳ ಅಂಗಾಲು ತಿಕ್ಕುತ್ತಿದ್ದಳು. ನಿಜ ಹೇಳಲು ಅವನು ಬಾಯಿ ತೆರೆದ. ಹೇಳಿದರೆ ಅವಳು ಮರುಗುತ್ತಾಳೆ, ಮರುಗಿದರೆ ಇನ್ನಷ್ಟು ತಣ್ಣಗಾಗುತ್ತಾಳೆ. ಬಾಯಿ ಮುಚ್ಚಿಕೊಂಡ. ಬಾಗಿಲು ಹಾಕಿ ಗೋಡೆಗೆ ಒರಗಿ ನಿಂತ.

"ನನಗೆ ಬೇರೆ ಹೆಂಗಸಿದಾಳೆ," ಎಂದ. "ಬಹಳ ದಿನದಿಂದ. ಈ ಸಂಸಾರ ಸಾಕಾಗಿದೆ."

ಅವಳ ಕೈ ನಿಂತಿತು.

"ಮಗು ಹೀಗಿರುವಾಗ ಹೇಳೋ ಮಾತಾ ಇದು?"

"ಅದೂ ಬೇಡವಾಗಿತ್ತು ನನಗೆ. ನೀನೇ ನನ್ನ ಕೊರಳಿಗೆ ಕಟ್ಟಿದ್ದು."

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಆ ಕಣ್ಣುಗಳಲ್ಲಿ ಏನೋ ಮುರಿದುಬೀಳುವುದು ಅವನಿಗೆ ಕಾಣಿಸಿತು. ಆಮೇಲೆ, ನೋಡುನೋಡುತ್ತಿದ್ದಂತೆ, ಅವಳ ಬಿಳಿಚಿದ ಕೆನ್ನೆಗೆ ರಂಗು ಬಂತು. ಮೈಯ ನಡುಕ ನಿಂತಿತು. ಅವನ ಎದೆಯೊಳಗೆ ಒಂದು ಮೂಲೆ ತಣ್ಣಗಾಯಿತು. ಒಡತಿ ಹೇಳಿದ್ದು ನಿಜವಾಗಿತ್ತು.

ಈಗ ಗುಬ್ಬಿ. ಅವಳ ತೋಳಿನಿಂದ ಬಟ್ಟೆಯ ಬೊಂಬೆಯನ್ನು ಕಿತ್ತ. ಅದಿಲ್ಲದೆ ಅವಳು ಮಲಗಿದವಳಲ್ಲ. ಒಲೆಯ ಬಾಗಿಲು ತೆಗೆದು ಒಳಗೆಸೆದ. ಅವಳು ಕಣ್ಣರಳಿಸಿದಳು.

"ನಾನು ಕೆಟ್ಟವನು. ತಿಳೀತಾ? ನೀನು ನನಗೆ ಬೇಡ. ನಿನ್ನ ಕಂಡ್ರೆ ಆಗಲ್ಲ."

ಅವಳು ಬಿಕ್ಕಿದಳು. ಹೆಂಡತಿ ಮಗುವನ್ನು ಎದೆಗಪ್ಪಿಕೊಂಡು, "ಇನ್ನೊಂದು ಸಲ ಅವಳ ಹತ್ರ ಬಂದ್ರೆ ನೋಡಿ," ಎಂದಳು. ಅವನು ಮೂಲೆಯಲ್ಲಿ ಕುಕ್ಕರಿಸಿದ. ಕಾದ. ಹುಡುಕಿದ, ತನ್ನ ಮೈಯಲ್ಲಿ ಎಲ್ಲಾದರೂ ಚಳಿ ಹುಟ್ಟುತ್ತಿದೆಯೇ ಎಂದು. ಬರಲಿ. ಬೇಗ ಬರಲಿ. ದ್ವೇಷಿಸು ಮಗಳೇ. ಒಲೆಯಲ್ಲಿ ಬಟ್ಟೆ ಉರಿಯುವ ಕಮರು. ಅಳು ಸಣ್ಣಗಾಯಿತು. ನಿಂತಿತು.

ಹೆಂಡತಿ ಒಲೆಗೆ ಸೌದೆ ಒಟ್ಟಲು ತಿರುಗಿದಾಗ ಕಂಬಳಿ ಕದಲಿತು. ಗುಬ್ಬಿ ಕೆಳಗಿಳಿದಳು. ಗೋಡೆ ಹಿಡಿದುಕೊಂಡು, ತೊಡರುಗಾಲು ಹಾಕುತ್ತ ಅವನ ಹತ್ತಿರ ಬಂದಳು.

"ಸಿಟ್ಟು ಮಾಡ್ಕೋಬೇಡ ಅಪ್ಪ," ಎಂದಳು. ನಾಲಿಗೆ ಹೊರಳುತ್ತಿರಲಿಲ್ಲ. "ನಂಗೆ ಬೊಂಬೆ ಬೇಡ."

ಅವನ ಕತ್ತಿಗೆ ಕೈ ಹಾಕಿದಳು. ಮಂಜುಗಡ್ಡೆಯಂಥ ಮುಖವನ್ನು ಅವನ ಎದೆಗೊತ್ತಿದಳು. ಒಳಗೆ ಅಲೆ ಎದ್ದಿತು. ಅವನು ತಳ್ಳಿದ. ಬಿದ್ದಳು. ಹೆಂಡತಿ ಕಿರುಚಿಕೊಂಡು ಓಡಿಬಂದಳು. ಅವಳು ಬರುವ ಮೊದಲೇ ಗುಬ್ಬಿ ಮೊಣಕಾಲೂರಿ, ತೆವಳಿ, ಮತ್ತೆ ಅವನ ತೊಡೆಯೇರಿದಳು.

"ಅಪ್ಪ ಬೆಚ್ಚಗಿದಾನೆ," ಎಂದಳು ಅಮ್ಮನಿಗೆ.

ಅವನು ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದ. ಮುಟ್ಟಲಿಲ್ಲ. ಅವಳ ಉಸಿರು ಅವನ ಅಂಗಿಗೆ ತಾಕುತ್ತಿತ್ತು. ತಣ್ಣಗೆ. ಇನ್ನೂ ತಣ್ಣಗೆ. ಆಮೇಲೆ ತಾಕಲಿಲ್ಲ. ಅವನ ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.