ರಾಕೆಟ್‌ನ ಉಪವಾಸ

"ಒಂದ ತುತ್ತು. ಒಂದೇ ಒಂದು. ಬಾಯಿ ತಗಿಯೋ ನಮ್ಮಪ್ಪಾ!"

ಕೃಪಾ ಮೊಣಕಾಲೂರಿ ಪ್ಲಾಸ್ಟಿಕ್ ಟಬ್ಬಿನೊಳಗೆ ಬಗ್ಗಿದ್ದಳು. ಅವಳ ಬೆರಳ ತುದಿಯಲ್ಲಿ ಜೋಳದ ರೊಟ್ಟಿಯ ಚೂರು. ಅದರ ಎದುರಿಗೆ ಅಂಗೈ ಅಗಲದ ಒಂದು ಆಮೆ. ಚೂರು ಹತ್ತಿರ ಬಂದಷ್ಟೂ ಆಮೆಯ ತಲೆ ಹಿಂದೆ ಸರಿಯಿತು. ಕಡೆಗೆ ಪೂರ್ತಿ ಚಿಪ್ಪಿನೊಳಗೆ ಹೋಗಿಬಿಟ್ಟಿತು.

"ರೊಟ್ಟಿ ಒಣಾ ಆತೇನೋ. ತುಪ್ಪ ಸವರಿ ಕೊಡು," ಎಂದಳು ಆಯಿ. ಆಯಿ ಅಂದರೆ ಕೃಪಾಳ ಅಜ್ಜಿ, ಅಪ್ಪನ ತಾಯಿ ಶರಣಬಸಮ್ಮ.

"ಸವರೀನಿ ಆಯಿ. ಮ್ಯಾಲ ಬೆಲ್ಲಾನೂ ಇಟ್ಟೀನಿ."

"ಗಚ್ಚಿಬೌಲಿ ಮಂದಿ ಎಲ್ಲಾ ನನ್ನ ಅಡಗಿ ಬೆರಳ ಚೀಪಿ ತಿಂತಾರ. ಈ ಸಾಹೇಬರಿಗೆ ಮಾತ್ರ ಸೇರವಲ್ದು ನೋಡು," ಎಂದು ಅವ್ವ ಶೈಲಾ ಒಲೆಯ ಮುಂದಿನಿಂದಲೇ ಗೊಣಗಿದಳು.

ಅವ್ವ ಗಚ್ಚಿಬೌಲಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ನಾಲ್ಕು ಮನೆಗೆ ಅಡುಗೆ ಮಾಡುತ್ತಿದ್ದಳು. ಅದರಲ್ಲಿ ಒಂದು ಮನೆಯವರಿಗೆ ಪುಣೆಗೆ ವರ್ಗವಾಯಿತು. ಹೋಗುವ ಗಡಿಬಿಡಿಯಲ್ಲಿ ಅವರು, "ನಿನ್ನ ಮಗಳಿಗೆ ಕೊಡು," ಎಂದು ಗಾಜಿನ ತೊಟ್ಟಿಯ ಸಮೇತ ಆಮೆಯನ್ನು ಅವ್ವನ ಕೈಗಿಟ್ಟರು. ಆಮೆಯ ಹೆಸರು ರಾಕೆಟ್. ಹಸಿರು ಮೈ, ಕಣ್ಣಿನ ಹಿಂದೆ ಎರಡೂ ಕಡೆ ಕೆಂಪು ಪಟ್ಟಿ. ಲಿಂಗಂಪಲ್ಲಿಯ ತಮ್ಮ ಮನೆಗೆ ಬರುವಾಗ ಆಟೊ ರಸ್ತೆಯ ಉಬ್ಬಿನ ಮೇಲೆ ಎಗರಿ, ತೊಟ್ಟಿ ಒಡೆಯಿತು. ರಾಕೆಟ್ ತಿನ್ನುವ ಕಾಳಿನ ಪೊಟ್ಟಣವೂ ನೀರಿಗೆ ಬಿದ್ದು ಗಾಜಿನ ಚೂರುಗಳ ಜೊತೆ ಹೋಯಿತು. ರಾಕೆಟ್‌ಗೆ ಮಾತ್ರ ಏನೂ ಆಗಲಿಲ್ಲ.

ಅದು ಮಂಗಳವಾರ. ಇವತ್ತು ಶುಕ್ರವಾರ.

ಮೊದಲ ದಿನ ಟಬ್ಬಿಗೆ ನೀರು ಹಾಕಿದ್ದರು. ಜನವರಿಯ ಚಳಿ. ರಾತ್ರಿ ಆಯಿ ನೀರಿಗೆ ಬೆರಳದ್ದಿ ನೋಡಿ ಬೆಚ್ಚಿಬಿದ್ದಳು.

"ಇಷ್ಟ ಥಂಡಿ ನೀರಾಗ ಮಲಗಿದ್ರ ನಿಮೋನಿಯಾ ಆಗತೈತಿ! ನೀನಾದ್ರ ಮಲಗ್ತಿಯೇನ?"

"ಆ ಮನ್ಯಾಗ ನೀರಿಗೆ ಹೀಟರ್ ಇಟ್ಟಿದ್ರು ಅತ್ತೆರಿ," ಎಂದು ಅವ್ವನೂ ಹೇಳಿದಳು. ಅವರ ಮನೆಯಲ್ಲಿ ಹೀಟರ್ ಎಲ್ಲಿಂದ ಬರಬೇಕು? ನೀರು ಚೆಲ್ಲಿ, ಟಬ್ಬಿಗೆ ಗೋಣಿಚೀಲ ಹಾಸಿದರು. ಆಯಿ ತನ್ನ ಹಳೆಯ ಸೀರೆ ಹರಿದು ಮೆತ್ತಗೆ ಸುತ್ತಿಟ್ಟಳು. ಕುಡಿಯುವುದಕ್ಕೆ ಒಂದು ಬಟ್ಟಲು ನೀರು. ಆಮೇಲೆ ಮನೆಯವರೆಲ್ಲ ಸರದಿಯ ಮೇಲೆ ಉಣಿಸಲು ಕೂತರು. ಮೆಂತ್ಯದ ಸೊಪ್ಪು, ಬಾಳೆಹಣ್ಣು, ನೆನೆಸಿದ ಶೇಂಗಾ, ಮೊಸರನ್ನ. ರಾಕೆಟ್ ಯಾವುದನ್ನೂ ಮೂಸಲಿಲ್ಲ.

ಶುಕ್ರವಾರ ರಾತ್ರಿ ಅಪ್ಪ ಕಾಶಿನಾಥ ಟೈಲ್ಸ್ ಕೆಲಸ ಮುಗಿಸಿ ಬಂದ. ಕೈಕಾಲು ತೊಳೆಯುವ ಮೊದಲೇ ಟಬ್ಬಿನ ಹತ್ತಿರ ಹೋದ.

"ಏನ್ರಿ ಸಾಹೇಬರ, ಇವತ್ತರ ಊಟ ಆತೇನ್ರಿ?"

ಯಾರೂ ನಗಲಿಲ್ಲ. ಅಪ್ಪ ರಾಕೆಟ್‌ನ ಕಾಲು ಮುಟ್ಟಿ ನೋಡಿದ. ಅದು ಕಾಲನ್ನು ಒಳಗೆ ಎಳೆದುಕೊಂಡಿತು. ಆದರೆ ಮೊದಲ ದಿನದ ಹಾಗೆ ಸರಕ್ಕನೆ ಅಲ್ಲ, ನಿಧಾನಕ್ಕೆ.

"ನೋಡ ಕೃಪವ್ವಾ," ಎಂದ ಅಪ್ಪ. "ಕಣ್ಣಮುಂದ ಒಂದ ಜೀವ ಸೊರಗೂದು ನೋಡಾಕ ಆಗೂದಿಲ್ಲ ನನಗ. ರವಿವಾರ ಮಟಾ ನೋಡೂಣು. ತಿನ್ನಲಿಲ್ಲಂದ್ರ ಕೆರ್ಯಾಗ ಬಿಟ್ಟ ಬರ್ತೀನಿ."

"ಅದು ಸಣ್ಣದಿದ್ದಾಗಿಂದ ಗಾಜಿನ ಪೆಟ್ಟಿಗ್ಯಾಗ ಐತಿ ಪಪ್ಪಾ! ಕೆರ್ಯಾಗ ಅದಕ್ಕ ಏನ್ ಗೊತ್ತಾಗತೈತಿ? ನಾಯಿ ಬಂದ್ರ?"

"ಇಲ್ಲಿದ್ರೂ ಉಪವಾಸ ಸಾಯತೈತಲ್ಲವ್ವಾ."

ಕೃಪಾ ಸೀರೆಯ ತುಂಡನ್ನು ರಾಕೆಟ್‌ನ ಸುತ್ತ ಇನ್ನಷ್ಟು ಬೆಚ್ಚಗೆ ಸುತ್ತಿದಳು.

ಶನಿವಾರ ಅರ್ಧ ದಿನ ಸ್ಕೂಲು. ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಮೀನು ಮಾರುವವರು ಸಾಲಾಗಿ ಕೂತಿರುತ್ತಾರೆ. ಕೃಪಾ ದಿನವೂ ಅಲ್ಲಿ ಮೂಗು ಹಿಡಿದುಕೊಂಡು ಓಡುವವಳು. ಅವರ ಮನೆಯಲ್ಲಿ ಮೀನು ಮಾಂಸ ತಿನ್ನುವುದಿಲ್ಲ. ಆಯಿಗಂತೂ ಅದರ ಹೆಸರೂ ಬಾಯಲ್ಲಿ ಬರಬಾರದು.

ಅವತ್ತು ಮಾತ್ರ ಅವಳ ಕಾಲು ನಿಂತಿತು. ಒಬ್ಬ ಹೆಂಗಸಿನ ಮುಂದೆ ಅವರ ಮನೆಯಲ್ಲಿರುವಂಥದೇ ನೀಲಿ ಟಬ್ಬು. ಅದರೊಳಗೆ ನೀರು. ನೀರಿನಲ್ಲಿ ಕಪ್ಪು ಮೀನುಗಳು ಜೀವಂತವಾಗಿ ಓಡಾಡುತ್ತಿದ್ದವು. ಟಬ್ಬಿನಲ್ಲಿ ಪ್ರಾಣಿಯನ್ನು ಹೇಗೆ ಬದುಕಿಸಬೇಕು ಅಂತ ಇವಳಿಗೆ ಗೊತ್ತಿರಬೇಕು, ಅನ್ನಿಸಿತು ಕೃಪಾಳಿಗೆ.

"ಏಮ್ಮಾ!" ಎಂದಳು ಆ ಹೆಂಗಸು ತೆಲುಗಿನಲ್ಲಿ. ಪಕ್ಕದವಳಿಗೆ ಕೇಳುವಂತೆ ದೊಡ್ಡ ದನಿಯಲ್ಲಿ, "ದಿನಾಲೂ ಮೂಗು ಮುಚ್ಕೊಂಡು ಓಡುವ ಹುಡುಗಿ ಇವತ್ತು ನಿಂತಿದಾಳೆ ನೋಡು!" ಎಂದು ನಕ್ಕಳು.

ಕೃಪಾ ಆಮೆಯ ವಿಷಯವನ್ನು ತೆಲುಗಿನಲ್ಲೇ ಶುರು ಮಾಡಿ, ನಡುವೆ ಗಾಬರಿಯಲ್ಲಿ ಕನ್ನಡಕ್ಕೆ ಜಾರಿದಳು. ಹೆಂಗಸಿನ ಮುಖ ಅರಳಿತು.

"ಕನ್ನಡದಾಕಿ ಏನು? ನಮ್ದು ಮಕ್ತಲ್ ಕಡಿ, ಕೃಷ್ಣಾ ನದಿ ದಂಡಿ. ನನಗ ಗಂಗಾ ಅಂತಾರ. ಹೇಳು, ಏನಾಯ್ತು ನಿನ್ನ ಆಮಿಗೆ?"

"ಊಟ ಮಾಡವಲ್ದು ಗಂಗಕ್ಕಾ. ಇವತ್ತಿಗೆ ನಾಕ ದಿನ."

"ಏನ್ ಕೊಟ್ಟೀರಿ?"

"ರೊಟ್ಟಿ, ಮೆಂತಿಪಲ್ಲೆ, ಬಾಳೆಹಣ್ಣು, ಶೇಂಗಾ, ಮೊಸರನ್ನ..."

"ಆಮಿ ಸಾಕೀರೋ, ಸ್ವಾಮಿಗೋಳನ್ನ ಕರ್ಕೊಂಡ್ ಬಂದೀರೋ?" ಗಂಗಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೃಪಾಳ ಮುಖ ನೋಡಿ ನಗು ನಿಲ್ಲಿಸಿದಳು. "ಮಾರಿಗೆ ಕೆಂಪು ಪಟ್ಟಿ ಅದ ಏನು? ನೀರಾಗ ಇಟ್ಟೀರೋ, ಒಣಗ ಇಟ್ಟೀರೋ?"

"ಕೆಂಪು ಪಟ್ಟಿ ಐತಿ. ಒಣಗ ಇಟ್ಟೀವಿ. ಥಂಡಿ ಹತ್ತೀತು ಅಂತ ಆಯಿ ಸೀರಿ ಸುತ್ತಿಟ್ಟಾಳ."

"ಅಲ್ಲೇ ಆಗ್ಯದ ನೋಡು. ಅದು ನೀರಿನ ಆಮಿ. ಒಣಗ ಅದಕ್ಕ ನುಂಗಾಕ ಬರಂಗಿಲ್ಲ. ತಲಿ ನೀರಾಗ ಇದ್ರೇನೇ ತುತ್ತು ಗಂಟಲದಾಗ ಇಳೀತದ. ಬಿಸಿಲಿಗೆ ಇಡು. ಮೈ ಬೆಚ್ಚಗಾದ್ರ ಹಸಿವು ಆಗ್ತದ. ಒಂದು ಕಲ್ಲಿಡು, ಹತ್ತಿ ಕೂಡ್ತದ. ಆಮ್ಯಾಗ ಇದು ಹಾಕು."

ಗಂಗಕ್ಕ ಬುಟ್ಟಿಯಿಂದ ಒಂದು ಹಿಡಿ ಒಣ ಸಿಗಡಿ ತೆಗೆದು ಪೇಪರಿನಲ್ಲಿ ಕಟ್ಟಿದಳು. ಅವು ಚಿಕ್ಕ ಚಿಕ್ಕ ಮೀಸೆಗಳಿದ್ದ, ಗುಲಾಬಿ ಬಣ್ಣದ ಒಣಗಿದ ಹುಳಗಳ ಹಾಗೆ ಕಾಣುತ್ತಿದ್ದವು.

"ಹಾಕಿ ದೂರ ಸರಿ, ತಿಳೀತಾ? ಹೊಸಾ ಜಾಗದಾಗ ಅದಕ್ಕ ಅಂಜಿಕಿ. ಇಷ್ಟ ದೊಡ್ಡ ಕಣ್ಣು ಬಿಟ್ಕೊಂಡು ಎಲ್ಲಾರೂ ಮ್ಯಾಲ ಬಗ್ಗಿದ್ರ, ನೀನಾದ್ರೂ ಉಣ್ತಿಯೇನು?"

"ನನ್ನ ಹಂತ್ಯಾಕ ರೊಕ್ಕ ಇಲ್ಲ."

"ನಾಳಿಂದ ಮೂಗು ಮುಚ್ಕೋಬ್ಯಾಡ. ಅಷ್ಟ ಸಾಕು, ಹೋಗು."

ಕೃಪಾ ಆ ಪೊಟ್ಟಣವನ್ನು ಕಂಪಾಸ್ ಬಾಕ್ಸಿನೊಳಗೆ ತುರುಕಿ, ಬಾಕ್ಸನ್ನು ಬ್ಯಾಗಿನ ತಳಕ್ಕೆ ಹಾಕಿದಳು.

ಮನೆಗೆ ಬಂದವಳೇ, "ಆಯಿ, ಇದನ್ನ ಉಗುರು ಬೆಚ್ಚಗಿನ ನೀರಾಗ ಇಡಬೇಕಂತ. ನೀರಾಗ ಇದ್ರನ ತಿಂತೈತಂತ," ಎಂದಳು.

"ಯಾರ ಹೇಳಿದ್ರು?"

"ಸ್ಕೂಲ್‌ನ್ಯಾಗ... ಮಿಸ್ ಹೇಳಿದ್ರು."

ಆಯಿ ಒಂದು ಕ್ಷಣ ಅವಳನ್ನು ನೋಡಿದಳು. ಆಮೇಲೆ ನೀರು ಕಾಯಿಸಿ ತಂದಳು.

ನೀರಿಗೆ ಬಿಟ್ಟ ಕೂಡಲೇ ರಾಕೆಟ್ ಬೇರೆಯೇ ಆಮೆಯಾಯಿತು. ನಾಲ್ಕೂ ಕಾಲು ಹೊರಗೆ ಬಂದವು. ತಲೆ ಎತ್ತಿ, ಟಬ್ಬಿನ ಈ ಕಡೆಯಿಂದ ಆ ಕಡೆಗೆ ಈಜಿತು. ಅವ್ವ ಚಪ್ಪಾಳೆ ತಟ್ಟಿದಳು. ಆಯಿ ಮೆಂತ್ಯದ ಎಲೆಗಳನ್ನು ಒಂದೊಂದಾಗಿ ತೇಲಿಬಿಟ್ಟಳು. ರಾಕೆಟ್ ಎಲೆಗಳ ಕೆಳಗೆ ಹಾದು ಹೋಯಿತು. ಬೆಳಿಗ್ಗೆ ಎದ್ದು ನೋಡಿದರೆ ಎಲೆಗಳು ಎಣಿಸಿದಷ್ಟೂ ಹಾಗೇ ತೇಲುತ್ತಿದ್ದವು.

ಭಾನುವಾರ ಬಂದೇಬಿಟ್ಟಿತು. ಅಪ್ಪ ಮುಚ್ಚಳವಿರುವ ಬಕೆಟ್ ಒಂದನ್ನು ತೊಳೆದು ಬಾಗಿಲ ಹತ್ತಿರ ಇಟ್ಟ. ಕೃಪಾಳ ಕಡೆ ನೋಡದೆ ಸ್ನಾನಕ್ಕೆ ಹೋದ.

ಆಯಿ ಪೂಜೆಗೆ ಕೂತಿದ್ದಳು. ಎಡಗೈ ಮೇಲೆ ಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತರೆ ಮುಗಿಯಿತು, ಪಕ್ಕದಲ್ಲಿ ಪಾತ್ರೆ ಬಿದ್ದರೂ ಅವಳು ತಿರುಗುವುದಿಲ್ಲ. ಅವ್ವ ಕೆಳಗೆ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು.

ಇದೇ ಸಮಯ. ಎರಡು ಸಿಗಡಿ ಹಾಕಿದರೆ ಸಾಕು. ರಾಕೆಟ್ ತಿಂದರೆ, "ತಿಂತು ಪಪ್ಪಾ!" ಎಂದು ಕೂಗಿಬಿಡಬಹುದು. ಏನು ತಿಂದಿತು ಅಂತ ಯಾರು ಕೇಳುತ್ತಾರೆ?

ಕೃಪಾ ಟಬ್ಬಿನ ಪಕ್ಕ ಕೂತು ಕಂಪಾಸ್ ಬಾಕ್ಸ್ ತೆಗೆದಳು. ಊದುಬತ್ತಿ, ವಿಭೂತಿಯ ಪರಿಮಳದ ಒಳಗೆ ಸಿಗಡಿಯ ವಾಸನೆ ಗಪ್ಪೆಂದು ನುಗ್ಗಿತು. ಅವಳ ಕೈ ನಿಂತಿತು. ಎರಡು ಮಾರು ದೂರದಲ್ಲಿ ಆಯಿಯ ತುಟಿಗಳು ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ಆಯಿ ತಿರುಗಿ ನೋಡುತ್ತಿರಲಿಲ್ಲ. ತಿರುಗಿ ನೋಡುವುದಿಲ್ಲ ಅಂತ ಗೊತ್ತಿದ್ದರಿಂದಲೇ ಕೃಪಾಳ ಕೈ ಮುಂದೆ ಹೋಗಲಿಲ್ಲ.

ಬಾಕ್ಸ್ ಮುಚ್ಚಿ, ಎರಡೂ ಕೈಯಿಂದ ಒತ್ತಿ ಹಿಡಿದು ಕಾಯುತ್ತ ಕೂತಳು.

ಪೂಜೆ ಮುಗಿಯಿತು. ಆಯಿ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಎದ್ದಳು.

"ಆಯಿ, ಮಿಸ್ ಏನೂ ಹೇಳಿಲ್ಲ," ಎಂದಳು ಕೃಪಾ. "ಸುಳ್ಳ ಹೇಳಿದೆ. ಮೀನು ಮಾರೋ ಗಂಗಕ್ಕ ಹೇಳಿದ್ಲು. ಬಿಸಿಲಿಗೆ ಇಡು, ಹತ್ತಿ ಕುಂದರಾಕ ಒಂದ ಕಲ್ಲ ಇಡು ಅಂತನೂ ಹೇಳಿದ್ಲು."

"ಮಿಸ್ ಅಲ್ಲ ಅಂತ ನನಗ ಗೊತ್ತಿತ್ತು. ಸ್ಕೂಲ್‌ನ್ಯಾಗ ಇಷ್ಟ ಉಪಯೋಗದ ಮಾತು ಎಲ್ಲಿ ಹೇಳ್ತಾರ?" ಎಂದ ಆಯಿ ಮೂಗು ಸಿಂಡರಿಸಿದಳು. "ಮತ್ತ ಈ ವಾಸನಿ ಏನು?"

ಕೃಪಾ ಬಾಕ್ಸ್ ತೆರೆದು ತೋರಿಸಿದಳು. ಸ್ನಾನ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ನಿಂತ. ಆಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಅವ್ವಾ, ಸಣ್ಣ ಹುಡುಗಿ, ತಿಳಿಲಾರದ..." ಎಂದು ಅಪ್ಪ ತನ್ನ ತಾಯಿಗೆ ಹೇಳಲು ಶುರು ಮಾಡಿದ.

"ನೀ ಸುಮ್ಮನಿರು. ಏ ಕೃಪಾ, ಅದನ್ನ ಹೊರಗ ತಗೊಂಡ ನಡಿ. ಆಮೀನೂ ತಗೊಂಡ ನಡಿ. ಟೆರೇಸ್ ಮ್ಯಾಲ."

ಅಪ್ಪ ಟಬ್ಬು ಎತ್ತಿಕೊಂಡ. ಕೃಪಾ ಬಾಕ್ಸ್ ಹಿಡಿದು ಹಿಂದೆ ನಡೆದಳು. ಮೆಟ್ಟಿಲು ಹತ್ತುವಾಗ ಕಣ್ಣು ತುಂಬಿ ಎರಡು ಸಲ ಎಡವಿದಳು. ಇನ್ನು ಬಕೆಟ್, ಆಮೇಲೆ ಕೆರೆ.

ಟೆರೇಸಿನಲ್ಲಿ ಹಿತವಾದ ಬಿಸಿಲಿತ್ತು. ಟಬ್ಬು ಇಳಿಸಿ, ಅಪ್ಪ ಬಕೆಟ್ ತರಲು ಕೆಳಗಿಳಿದ. ಆಯಿ ಏದುಸಿರು ಬಿಡುತ್ತ ಮೇಲೆ ಬಂದಳು. ಒಂದು ಕೈಯಲ್ಲಿ ಬಿಸಿನೀರಿನ ತಂಬಿಗೆ, ಇನ್ನೊಂದರಲ್ಲಿ ಖಾರ ಅರೆಯುವ ಹಳೆಯ ಗುಂಡುಕಲ್ಲು.

"ಬಿಸಿಲಾಗ ಸರಸು ಅದನ್ನ. ಯಾಕ ಅಳಾಕತ್ತಿ? ಕಲ್ಲ ಇಡು, ಹತ್ತಿ ಕುಂದರಲಿ."

ಆಯಿ ತಾನೇ ಬಿಸಿನೀರನ್ನು ನಿಧಾನಕ್ಕೆ ಟಬ್ಬಿನ ಅಂಚಿನಿಂದ ಸುರಿದಳು. ರಾಕೆಟ್‌ನ ಮುಖವನ್ನೇ ನೋಡುತ್ತ, ಸಣ್ಣ ದನಿಯಲ್ಲಿ, "ಐದ ದಿನ ಆತಲ್ಲೋ ರಾಕಟಪ್ಪಾ. ಐದ ದಿನ ನಿನ್ನ ಕೈಲೆ ಉಪವಾಸ ಮಾಡಿಸಿಬಿಟ್ಟೆ ನಾನು," ಎಂದಳು.

ಕೃಪಾ ಬೆರಗಾಗಿ ನೋಡಿದಳು.

"ಹೊಸ್ತಿಲದ ಒಳಗ ಆ ಪುಡಿಕಿ ಬರಬಾರದು," ಆಯಿಯ ದನಿ ಮತ್ತೆ ಗಟ್ಟಿಯಾಯಿತು. "ಡಬ್ಬ್ಯಾಗ ಹಾಕಿ ನೀರಿನ ಟಾಕಿ ಹಿಂದ ಇಡು. ಹಾಕಿದ ಮ್ಯಾಲ ಸಾಬೂನು ಹಚ್ಚಿ ಕೈ ತೊಳಕೊಂಡ ಒಳಗ ಬಾ. ಆ ಕಂಪಾಸ್ ಬಾಕ್ಸ್ ನನ್ನ ಮುಂದ ತರಬ್ಯಾಡ. ಹೂಂ, ಹಾಕು. ನನಗ ನೋಡಾಕ ಆಗೂದಿಲ್ಲ. ನಾ ಅತ್ತಾಗ ಮಾರಿ ಮಾಡಿ ಕೂಡ್ತೀನಿ."

ಆಯಿ ಟಬ್ಬಿಗೆ ಬೆನ್ನು ಮಾಡಿ, ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಬಿಸಿಲಿಗೆ ಮುಖ ಕೊಟ್ಟು ಕೂತಳು.

ಕೃಪಾ ಮೂರು ಸಿಗಡಿ ನೀರಿಗೆ ಹಾಕಿದಳು.

"ತಿಂತೇನು?"

"ಇಲ್ಲ ಆಯಿ. ಕಲ್ಲ ಮ್ಯಾಲ ಕುಂತೈತಿ."

ಸ್ಟೇಷನ್ ಕಡೆಯಿಂದ ಲೋಕಲ್ ರೈಲು ಕೂಗಿತು.

"ಈಗ?"

"ನೀರಿಗೆ ಇಳೀತು... ನನ್ನ ನೋಡಿ ತಲಿ ಒಳಗ ಎಳಕೊಂತು."

ಕೃಪಾಳಿಗೆ ಗಂಗಕ್ಕನ ಮಾತು ನೆನಪಾಯಿತು. ಐದು ದಿನದಿಂದ ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಈಗ ಎದ್ದು ಬಂದು ಆಯಿಯ ಪಕ್ಕ, ಟಬ್ಬಿಗೆ ಬೆನ್ನು ಮಾಡಿ ಕೂತಳು.

ಅಪ್ಪ ಬಕೆಟ್ ಹಿಡಿದು ಮೇಲೆ ಬಂದ. ಎರಡು ಬೆನ್ನುಗಳನ್ನು ನೋಡಿದ. ಕೃಪಾ ಬಾಯಿಗೆ ಬೆರಳಿಟ್ಟು, ನೀನೂ ಆ ಕಡೆ ತಿರುಗು ಎಂದು ಸನ್ನೆ ಮಾಡಿದಳು. ಅಪ್ಪ ಬಕೆಟ್ ಬೋರಲು ಹಾಕಿ, ಅದರ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತ.

ಮೂವರೂ ಉಸಿರು ಹಿಡಿದು ಕೂತರು.

ಪುಳಕ್.

ಸದ್ದು ಎಷ್ಟು ಚಿಕ್ಕದೆಂದರೆ, ಕೇಳಿಸಿತೋ ಇಲ್ಲವೋ ಅನ್ನುವಷ್ಟು. ಮತ್ತೆ ಒಂದು ಸಲ, ಪುಳಕ್. ಏನನ್ನೋ ಚುರುಕಾಗಿ ಕಚ್ಚಿ ಎಳೆದಂತೆ ನೀರು ಕಲಕಿತು. ಆಯಿಯ ಕೈ ಬಂದು ಕೃಪಾಳ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ತಿರುಗಿ ನೋಡಬೇಕೆಂದು ಕೃಪಾಳ ಕತ್ತು ತುಡಿಯುತ್ತಿತ್ತು. ಅವಳು ತಿರುಗಲಿಲ್ಲ.

"ಅತ್ತೆರೀ!" ಕೆಳಗಿನಿಂದ ಅವ್ವ ಕೂಗಿದಳು. "ಹತ್ತೂವರಿ ಆತು! ಮುಂಜಾನಿಂದ ಒಂದ ಗುಟುಕು ಚಾ ಸೈತ ಕುಡದಿಲ್ಲ ನೀವು. ಉಪ್ಪಿಟ್ಟು ಆರಿ ಹೋತ್ರಿ!"

"ಶ್!" ಎಂದಳು ಆಯಿ, ಅವ್ವನಿಗೆ ಕೇಳುವುದು ಸಾಧ್ಯವೇ ಇಲ್ಲದಷ್ಟು ಮೆಲ್ಲಗೆ. "ಊಟಕ್ಕ ಕುಂತೈತಿ."

ಕೃಪಾ ಆಯಿಯ ಮುಖ ನೋಡಿದಳು. ಬಿಸಿಲಿಗೆ ಆಯಿಯ ಕಣ್ಣು ಕಿರಿದಾಗಿದ್ದವು. ಮೂಗಿಗೆ ಒತ್ತಿ ಹಿಡಿದಿದ್ದ ಸೆರಗು ಯಾವಾಗಲೋ ಜಾರಿ ಮಡಿಲಿಗೆ ಬಿದ್ದಿತ್ತು. ಆಯಿ ಅದನ್ನು ಎತ್ತಿಕೊಳ್ಳಲಿಲ್ಲ. ಹಿಂದಿನ ಸದ್ದಿನ ಕಡೆಗೇ ಕಿವಿಕೊಟ್ಟು, ಅಲ್ಲಾಡದೆ ಕೂತಿದ್ದಳು.

ಕೃಪಾ ಸ್ವಲ್ಪ ಮುಂದಕ್ಕೆ ಸರಿದು, ತನ್ನ ನೆರಳು ಆಯಿಯ ಮುಖದ ಮೇಲೆ ಬೀಳುವ ಹಾಗೆ ಕೂತಳು.